ಮ್ಯಾಂಡೊಲಿನ್ ಮತ್ತು ಜಗ್ ಬ್ಯಾಂಡ್ ಬ್ಲೂಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ. ಹಗಲು ಕಂಪ್ಯೂಟರ್ ಕೆಲಸ, ಗುರುವಾರ ರಾತ್ರಿ ಮ್ಯಾಂಡೊಲಿನ್. 41ನೇ ವಯಸ್ಸಿಗೆ ಶುರು ಮಾಡಿದ್ದು, ಈಗ ಒಂಬತ್ತು ವರ್ಷ ಆಯಿತು. ನಮ್ಮ ಗುಂಪಿನಲ್ಲಿ ಒಬ್ಬರು ನಿವೃತ್ತ ಬಸ್ ಚಾಲಕರು, ಒಬ್ಬ ಪ್ಲಂಬರ್, ಒಬ್ಬರು ಶಾಲೆಯ ಟೀಚರ್, ಆಮೇಲೆ ನಾನು. ಊರಿಗೆ ಹೋದಾಗ, ಇಲ್ಲಿ ಕನ್ನಡದವರ ಮನೆಗೆ ಊಟಕ್ಕೆ ಹೋದಾಗ, ಮೇಲ್‌ಗಳಲ್ಲಿ, ಫೋನಿನಲ್ಲಿ ಜನ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಬಿಟ್ಟಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ಜಗ್ ಬ್ಯಾಂಡ್ ಅಂದ್ರೆ ಏನು? ನಿಜವಾಗ್ಲೂ ಜಗ್ ಊದ್ತಾರಾ?

ನಿಜವಾಗಲೂ ಊದುತ್ತಾರೆ. ವಿಸ್ಕಿಯನ್ನೋ ವಿನೆಗರನ್ನೋ ತುಂಬಿಡುತ್ತಿದ್ದ ಪಿಂಗಾಣಿ ಜಾಡಿ ಅಂದುಕೊಳ್ಳಿ, ನಮ್ಮ ಉಪ್ಪಿನಕಾಯಿ ಜಾಡಿಯ ದೂರದ ನೆಂಟ, ಬಾಯಿ ಮಾತ್ರ ಚಿಕ್ಕದು. ಅದರ ಬಾಯಿಗೆ ತುಟಿ ಹತ್ತಿರ ಹಿಡಿದು ಬುರ್ರ್ ಅನ್ನಿಸಿದರೆ ಬೇಸ್ ಸ್ವರ ಬರುತ್ತದೆ. ಜೊತೆಗೆ ಗಿಟಾರ್, ಬ್ಯಾಂಜೊ, ಮೌತ್ ಆರ್ಗನ್, ಪಿಟೀಲು, ಕಜೂ (ಬಾಯಲ್ಲಿಟ್ಟು ಗುನುಗುವ ಪುಟ್ಟ ಕೊಳವೆ), ಬಟ್ಟೆ ಒಗೆಯುವ ಹಲಗೆ, ಬೋರಲು ಹಾಕಿದ ಟಬ್ಬಿಗೆ ಕೋಲು ಮತ್ತು ಹಗ್ಗ ಕಟ್ಟಿದ ಬೇಸ್, ಮ್ಯಾಂಡೊಲಿನ್. ಎಲ್ಲವೂ ಇರಲೇಬೇಕು ಅಂತಿಲ್ಲ. ದುಡ್ಡು ಕೊಟ್ಟು ದೊಡ್ಡ ವಾದ್ಯ ಕೊಳ್ಳಲಾಗದ ಕಪ್ಪು ಜನರು ಮನೆಯಲ್ಲಿದ್ದ ಸಾಮಾನನ್ನೇ ವಾದ್ಯ ಮಾಡಿಕೊಂಡರು, ಅದೂ ಎಷ್ಟು ಚೆನ್ನಾಗಿ ಅಂದರೆ ರೆಕಾರ್ಡ್ ಕಂಪನಿಗಳೇ ಹುಡುಕಿಕೊಂಡು ಬಂದವು.

ಇದು ಬ್ಲೂಸಾ, ಜಾನಪದವಾ, ಇಲ್ಲ ಬರೀ ತಮಾಷೆಯಾ?

ಮೂರೂ ಹೌದು. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರಿಂದ ಬಂದ ಹಾಡಿನ ಬಗೆ. ಜಗ್ ಬ್ಯಾಂಡ್ ಶುರುವಾಗಿದ್ದು ಕೆಂಟಕಿಯ ಲೂಯಿವಿಲ್‌ನಲ್ಲಿ. ಅಲ್ಲಿ ಓಹಾಯೊ ನದಿಯ ದೋಣಿಗಳಲ್ಲಿ, ಕುದುರೆ ರೇಸಿನ ದಿನಗಳಲ್ಲಿ, ಬೀದಿಯಲ್ಲಿ ನುಡಿಸುತ್ತಿದ್ದರು. 1924ರಲ್ಲಿ ಅಲ್ಲಿನ ಬ್ಯಾಂಡ್‌ಗಳ ಮೊದಲ ರೆಕಾರ್ಡ್‌ಗಳು ಬಂದವು. ಅವುಗಳಲ್ಲಿ ಜಾಝ್ ವಾಸನೆ ಜಾಸ್ತಿ, ಪಿಟೀಲು ಮುಂದೆ. ಅದನ್ನು ಕೇಳಿದ ಟೆನೆಸ್ಸಿಯ ಮೆಂಫಿಸ್‌ನ ವಿಲ್ ಶೇಡ್ ತಾನೂ ಒಂದು ಬ್ಯಾಂಡ್ ಕಟ್ಟಿದರು. ಮೆಂಫಿಸ್ ಜಗ್ ಬ್ಯಾಂಡ್ ಅಂತ ಅದರ ಹೆಸರು. 1927ರಿಂದ 1934ರವರೆಗೆ 70ಕ್ಕೂ ಹೆಚ್ಚು ಹಾಡು ರೆಕಾರ್ಡ್ ಆದವು. ಅದೇ ಊರಿನಲ್ಲಿ ಬ್ಯಾಂಜೊ ನುಡಿಸುವ ಗಸ್ ಕ್ಯಾನನ್ ಅವರ ಜಗ್ ಸ್ಟಾಂಪರ್ಸ್ ಇತ್ತು. ಕ್ಯಾನನ್ ಕುತ್ತಿಗೆಗೆ ಪಟ್ಟಿ ಕಟ್ಟಿ ಅದರಲ್ಲಿ ಜಗ್ ಸಿಕ್ಕಿಸಿಕೊಂಡು, ಕೈಯಲ್ಲಿ ಬ್ಯಾಂಜೊ ಹಿಡಿದು, ಎರಡನ್ನೂ ಒಟ್ಟಿಗೆ ನುಡಿಸುತ್ತಿದ್ದರು. ಮೆಂಫಿಸ್‌ನದು ಬ್ಲೂಸ್‌ಗೆ ಹತ್ತಿರ, ಸ್ವಲ್ಪ ಒರಟು. ನನಗೆ ಅದೇ ಇಷ್ಟ.

1930ರ ದಶಕದ ಆರ್ಥಿಕ ಕುಸಿತಕ್ಕೆ ರೆಕಾರ್ಡ್ ಮಾರುವುದೇ ನಿಂತಂತಾಯಿತು, ಬ್ಯಾಂಡ್‌ಗಳು ಮತ್ತೆ ಬೀದಿಗೆ ಬಂದವು. 1960ರ ದಶಕದಲ್ಲಿ ಕಾಲೇಜು ಹುಡುಗರು ಹಳೇ ರೆಕಾರ್ಡ್ ಹುಡುಕಿ ಕೇಳಿ ತಾವೂ ಶುರು ಮಾಡಿದರು. ಗ್ರೇಟ್‌ಫುಲ್ ಡೆಡ್ ಹೆಸರು ಕೇಳಿರಬಹುದು. ಆ ರಾಕ್ ಬ್ಯಾಂಡ್‌ನ ಜೆರ್ರಿ ಗಾರ್ಸಿಯಾ, ಬಾಬ್ ವೀರ್ 1964ರಲ್ಲಿ ನುಡಿಸುತ್ತಿದ್ದದ್ದು ಜಗ್ ಬ್ಯಾಂಡ್‌ನಲ್ಲಿ.

ಮ್ಯಾಂಡೊಲಿನ್ ಇಟಲಿಯದ್ದಲ್ವಾ? ಬ್ಲೂಸ್‌ಗೆ ಹೇಗೆ ಬಂತು?

ಹೊಟ್ಟೆ ಉಬ್ಬಿದ ಸೋರೆಕಾಯಿ ಆಕಾರದ್ದು ಇಟಲಿಯದ್ದು. 1900ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಮ್ಯಾಂಡೊಲಿನ್ ಹುಚ್ಚು ಹತ್ತಿತ್ತು. ಊರೂರಲ್ಲಿ ಮ್ಯಾಂಡೊಲಿನ್ ಆರ್ಕೆಸ್ಟ್ರಾಗಳು. 1902ರಲ್ಲಿ ಮಿಷಿಗನ್‌ನ ಕಲಮಜೂನಲ್ಲಿ ಶುರುವಾದ ಗಿಬ್ಸನ್ ಕಂಪನಿ ಚಪ್ಪಟೆ ಬೆನ್ನಿನ ಹೊಸ ಮ್ಯಾಂಡೊಲಿನ್ ಮಾಡಿತು. ಅಂಚೆಯಲ್ಲಿ ತರಿಸಿಕೊಳ್ಳಬಹುದಾದ ಅಗ್ಗದ ವಾದ್ಯಗಳು ಹಳ್ಳಿಗಳಿಗೂ ಹೋದವು. ಹುಚ್ಚು ಇಳಿದ ಮೇಲೆ ಆ ವಾದ್ಯಗಳು ಎಲ್ಲಿ ಹೋಗುತ್ತವೆ? ಕೈ ಬದಲಾಗುತ್ತವೆ.

ಯಾಂಕ್ ರೇಚಲ್ ಅನ್ನುವವರ ಕಥೆ ಇಲ್ಲಿ ಹೇಳಲೇಬೇಕು. ಟೆನೆಸ್ಸಿಯ ಬ್ರೌನ್ಸ್‌ವಿಲ್ ಹತ್ತಿರದ ಹುಡುಗ. ಅಮ್ಮ ಸಾಕು ಅಂತ ಒಂದು ಹಂದಿಮರಿ ಕೊಟ್ಟಿದ್ದರು. ದಾರಿಯಲ್ಲಿ ಯಾರೋ ಜಗಲಿಯ ಮೇಲೆ ಕೂತು ಮ್ಯಾಂಡೊಲಿನ್ ನುಡಿಸುತ್ತಿದ್ದದ್ದು ಕಂಡಿತು. ಹಂದಿ ಕೊಟ್ಟು ಮ್ಯಾಂಡೊಲಿನ್ ತಂದ! ಚಳಿಗಾಲಕ್ಕೆ ಎಲ್ಲರೂ ಹಂದಿ ತಿನ್ನುವಾಗ ನೀನು ನಿನ್ನ ಮ್ಯಾಂಡೊಲಿನ್ ತಿನ್ನು ಅಂತ ಅಮ್ಮ ಬೈದರಂತೆ. ಈ ಕಥೆಯನ್ನು ರೇಚಲ್ ಅವರೇ ಜೀವನಪೂರ್ತಿ ಹೇಳುತ್ತಿದ್ದರು. ಬ್ಲೂಸ್ ಹಾಡುಗಾರ ಸ್ಲೀಪಿ ಜಾನ್ ಎಸ್ಟಿಸ್ ಜೊತೆ 1929ರಲ್ಲಿ ಮೆಂಫಿಸ್‌ನಲ್ಲಿ ರೆಕಾರ್ಡ್ ಮಾಡಿದರು. ಕೊನೆಗೆ ಇಂಡಿಯಾನಾಪೊಲಿಸ್‌ಗೆ ಬಂದು ನೆಲೆಸಿ 1997ರಲ್ಲಿ ಇಲ್ಲೇ ತೀರಿಕೊಂಡರು. ನಾನು ಈ ಊರಿಗೆ ಬಂದಾಗ ಇದ್ಯಾವುದೂ ಗೊತ್ತಿರಲಿಲ್ಲ. ಬಸ್ ಚಾಲಕರು ಹೇಳಿದ್ದು: ಅವರು ಚಿಕ್ಕವರಿದ್ದಾಗ ರೇಚಲ್ ನುಡಿಸಿದ್ದನ್ನು ಕೇಳಿದ್ದರಂತೆ. ಅಂದಿನಿಂದ ನಾನು ಸ್ವಲ್ಪ ಗಂಭೀರವಾದೆ.

ಮ್ಯಾಂಡೊಲಿನ್ ಶ್ರೀನಿವಾಸ್ ನುಡಿಸ್ತಿದ್ದದ್ದು ಇದೇನಾ?

ಹೆಸರು ಒಂದೇ, ವಾದ್ಯ ಬೇರೆ ಅನ್ನುವಷ್ಟು ಬದಲಾಗಿದೆ. ಸಾಧಾರಣ ಮ್ಯಾಂಡೊಲಿನ್‌ನಲ್ಲಿ ಎಂಟು ತಂತಿ, ಎರಡೆರಡರ ನಾಲ್ಕು ಜೋಡಿ. ಶ್ರೀನಿವಾಸ್ (1969–2014) ಅವರದು ಎಲೆಕ್ಟ್ರಿಕ್, ಐದು ಒಂಟಿ ತಂತಿ. ಒಂಟಿ ತಂತಿಯನ್ನು ಎಳೆದು ಗಮಕ ತರಬಹುದು, ಎಲೆಕ್ಟ್ರಿಕ್ ಆದ್ದರಿಂದ ನಾದ ಬೇಗ ಸಾಯುವುದಿಲ್ಲ. ಜೋಡಿ ತಂತಿಯಲ್ಲಿ ಎರಡೂ ಸಿಗುವುದಿಲ್ಲ. ಹಿಂದಿ ಸಿನಿಮಾ ಹಾಡುಗಳಲ್ಲಿ ಕೇಳುವ ಟಿರ್ರ್ ಅನ್ನುವ ಮ್ಯಾಂಡೊಲಿನ್ ಇದೆಯಲ್ಲ, ಅದು ಜೋಡಿ ತಂತಿಯದು. ಲಕ್ಷ್ಮೀಕಾಂತ್ ಪ್ಯಾರೇಲಾಲ್ ಜೋಡಿಯ ಲಕ್ಷ್ಮೀಕಾಂತ್ ಮೊದಲು ಮ್ಯಾಂಡೊಲಿನ್ ನುಡಿಸುವವರೇ ಆಗಿದ್ದರು.

## ವಾದ್ಯ ಕೈಗೆ ಬಂದ ಮೇಲೆ

ಯಾವ ಮ್ಯಾಂಡೊಲಿನ್ ಕೊಳ್ಳಲಿ? ಸುರುಳಿ ಇರೋದಾ, ಇಲ್ಲದ್ದಾ?

ಸುರುಳಿ ಇಲ್ಲದ್ದು. ಸುರುಳಿ ಇರುವುದನ್ನು ಎಫ್ ಮಾದರಿ ಅಂತಾರೆ, ಹನಿ ಆಕಾರದ್ದು ಎ ಮಾದರಿ. ಆ ಸುರುಳಿ ಕೆತ್ತುವ ಕೂಲಿಗೆ ದುಡ್ಡು ಹೋಗುತ್ತದೆ, ನಾದಕ್ಕೆ ಅದರಿಂದ ಬರುವುದು ಏನೂ ಇಲ್ಲ. ಅದೇ ದುಡ್ಡಿಗೆ ಎ ಮಾದರಿಯಲ್ಲಿ ಒಳ್ಳೆಯ ಮರ ಸಿಗುತ್ತದೆ. ಮೇಲಿನ ಹಲಗೆ ಪ್ಲೈವುಡ್ ಅಲ್ಲದೆ ಗಟ್ಟಿ ಮರ ಇದ್ದರೆ ಸಾಕು. ಈಸ್ಟ್‌ಮನ್, ಕೆಂಟಕಿ ಅನ್ನುವ ಬ್ರಾಂಡ್‌ಗಳ ಕೆಳಗಿನ ದರ್ಜೆಯವು ಕಲಿಯುವವರಿಗೆ ಧಾರಾಳ ಆಯಿತು.

ಆದರೆ ಬ್ರಾಂಡ್‌ಗಿಂತ ಮುಖ್ಯ ಸೆಟಪ್. ನನ್ನ ಮೊದಲ ವಾದ್ಯ ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ ಮಾಲು. ತಂತಿ ಎಷ್ಟು ಎತ್ತರ ಇತ್ತು ಅಂದರೆ ಕೆಳಗೆ ಪೆನ್ಸಿಲ್ ತೂರಬಹುದಿತ್ತು. ನನ್ನ ಬೆರಳೇ ಸರಿ ಇಲ್ಲ ಅಂತ ಆರು ತಿಂಗಳು ಒದ್ದಾಡಿದೆ. ಒಬ್ಬ ರಿಪೇರಿಯವರು ಅರ್ಧ ದಿನದಲ್ಲಿ ನಟ್‌ನ (ತಲೆಯ ಕಡೆ ತಂತಿ ಕೂರುವ ಪಟ್ಟಿ) ಕಚ್ಚು ಆಳ ಮಾಡಿ, ಬ್ರಿಜ್ (ಹೊಟ್ಟೆಯ ಮೇಲೆ ತಂತಿ ಎತ್ತಿ ಹಿಡಿಯುವ ತುಂಡು) ಇಳಿಸಿ ಕೊಟ್ಟರು. ಬೇರೆ ವಾದ್ಯವೇ ಆಯಿತು. ಆರು ತಿಂಗಳು ಸುಮ್ನೆ ಹೋಯಿತು.

ಇನ್ನೊಂದು ವಿಷಯ ಯಾರೂ ಮೊದಲು ಹೇಳುವುದಿಲ್ಲ. ಮ್ಯಾಂಡೊಲಿನ್‌ನ ಬ್ರಿಜ್ ಅಂಟಿಸಿರುವುದಿಲ್ಲ, ತಂತಿಯ ಒತ್ತಡದಿಂದ ನಿಂತಿರುತ್ತದೆ, ಪಿಟೀಲಿನ ಕುದುರೆ ಇದ್ದ ಹಾಗೆ. ನಾನು ತಂತಿ ಬದಲಿಸುವ ಉತ್ಸಾಹದಲ್ಲಿ ಎಂಟನ್ನೂ ಒಟ್ಟಿಗೆ ಬಿಚ್ಚಿದೆ. ಬ್ರಿಜ್ ಜಾರಿ ಬಿತ್ತು. ಅಂದಾಜಿಗೆ ಇಟ್ಟು ಕಟ್ಟಿದೆ. ಎರಡು ವಾರ ಏನು ನುಡಿಸಿದರೂ ಮೇಲಿನ ಸ್ವರ ಅಪಸ್ವರ. ತಂತಿ ಒಂದೊಂದಾಗಿ ಬದಲಿಸಿ. ಬ್ರಿಜ್ ಸರಿ ಇದೆಯಾ ಅಂತ ನೋಡಲು 12ನೇ ಮೆಟ್ಟಿಲಲ್ಲಿ (ಮೆಟ್ಟಿಲು ಅಂದರೆ ಕುತ್ತಿಗೆಯ ಮೇಲಿನ ಅಡ್ಡ ಪಟ್ಟಿ, ಫ್ರೆಟ್) ತಂತಿ ಒತ್ತಿ ಮೀಟಿ, ಆಮೇಲೆ ಅದೇ ಜಾಗದಲ್ಲಿ ಬೆರಳು ಬರೀ ತಾಗಿಸಿ ಮೀಟಿ. ಎರಡೂ ಒಂದೇ ಸ್ವರ ಬರಬೇಕು.

ಎಂಟು ತಂತಿ ಶ್ರುತಿ ಮಾಡೋದ್ರಲ್ಲೇ ಅರ್ಧ ಗಂಟೆ ಹೋಗುತ್ತೆ, ಏನ್ ಮಾಡಲಿ?

ಮ್ಯಾಂಡೊಲಿನ್‌ನವರು ಅರ್ಧ ಜೀವನ ಶ್ರುತಿ ಮಾಡುತ್ತಾರೆ, ಇನ್ನರ್ಧ ಅಪಶ್ರುತಿಯಲ್ಲಿ ನುಡಿಸುತ್ತಾರೆ ಅಂತ ಹಳೇ ಜೋಕ್ ಇದೆ. ಕೆಳಗಿನಿಂದ ಜಿ, ಡಿ, ಎ, ಇ. ಪಾಶ್ಚಾತ್ಯ ಪಿಟೀಲಿನದೇ ಶ್ರುತಿ. ನಮ್ಮ ಭಾಷೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಸ–ಪ ಅಂತರ. ಜೋಡಿಯಲ್ಲಿ ಒಂದು ತಂತಿಯನ್ನು ಬೆರಳಿನಿಂದ ಮುಚ್ಚಿ ಇನ್ನೊಂದನ್ನು ಮೊದಲು ಸರಿ ಮಾಡಿ. ಆಮೇಲೆ ಎರಡನೆಯದನ್ನು ಅದಕ್ಕೆ ಕೂಡಿಸಿ, ಆ ವಾಂವ್ ವಾಂವ್ ಅಲೆ ನಿಲ್ಲುವವರೆಗೆ. ಸ್ವರಕ್ಕೆ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಮೇಲಿನಿಂದ ಇಳಿಸಿದರೆ ತಂತಿ ಇನ್ನಷ್ಟು ಜಾರುತ್ತದೆ. ಇಲ್ಲಿನ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆ ಒಣಗಿ ಮರ ಸೀಳುವ ಭಯವಿದೆ, ಹಾಗಾಗಿ ಪೆಟ್ಟಿಗೆಯಲ್ಲಿ ತೇವ ಇಡುವ ಸಾಧನ ಇಟ್ಟುಕೊಳ್ಳಿ.

ಬೆರಳು ಉರಿಯುತ್ತೆ. ಎಷ್ಟು ದಿನ?

ಮೂರ್ನಾಲ್ಕು ವಾರ. ದಿನಾ ಹದಿನೈದು ನಿಮಿಷ ನುಡಿಸಿ, ಭಾನುವಾರ ಮೂರು ಗಂಟೆ ಬೇಡ. ಮೆಟ್ಟಿಲ ಪಟ್ಟಿಯ ಹಿಂದೆಯೇ ಒತ್ತಿದರೆ ಕಡಿಮೆ ಬಲ ಸಾಕು. ನೋವು ಮಣಿಕಟ್ಟಿಗೆ ಬಂದರೆ ಮಾತ್ರ ನಿಲ್ಲಿಸಿ.

ನಲವತ್ತು ದಾಟಿದ ಮೇಲೆ ಕಲಿಯೋಕಾಗುತ್ತಾ?

ಆಗುತ್ತದೆ. ಮುಂದಿನ ಪ್ರಶ್ನೆ.

ಮೊದಲು ಯಾವ ಕಾರ್ಡ್ ಕಲಿಯಬೇಕು?

ಜಿ, ಸಿ, ಡಿ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಕೆಲವು ಸ್ವರಗಳ ಗುಂಪು. ಈ ಮೂರಕ್ಕೂ ಎರಡು ಬೆರಳು ಸಾಕು, ಗಿಟಾರಿನವರು ಹೊಟ್ಟೆ ಉರಿದುಕೊಳ್ಳುವುದು ಇದಕ್ಕೇ. ದಪ್ಪ ತಂತಿಯಿಂದ ಸಣ್ಣ ತಂತಿಗೆ ಮೆಟ್ಟಿಲ ಸಂಖ್ಯೆ ಬರೆದರೆ ಜಿ ಅಂದರೆ 0-0-2-3, ಸಿ ಅಂದರೆ 0-2-3-0, ಡಿ ಅಂದರೆ 2-0-0-2. ಸೊನ್ನೆ ಅಂದರೆ ಖಾಲಿ ತಂತಿ. ಬ್ಲೂಸ್ ರುಚಿಗೆ ಏಳರ ಕಾರ್ಡ್, ಅಂದರೆ ಏಳನೇ ಸ್ವರವೂ ಸೇರಿದ್ದು, ಬೇಕು: ಜಿ7 ಗೆ 0-0-2-1, ಡಿ7 ಗೆ 2-0-3-2. ಇಷ್ಟು ಇಟ್ಟುಕೊಂಡು ನಾನು ಮೊದಲ ವರ್ಷ ಪೂರ್ತಿ ಕಳೆದೆ. ಯಾರೂ ಓಡಿಸಲಿಲ್ಲ.

ತಂತಿ ಮೀಟುವ ಪಿಕ್ ದಪ್ಪದ್ದೇ ಇರಲಿ, ಒಂದರಿಂದ ಒಂದೂವರೆ ಮಿಲಿಮೀಟರ್. ತೆಳು ಪಿಕ್ ಜೋಡಿ ತಂತಿಗೆ ತಾಗಿ ಮಡಚಿಕೊಳ್ಳುತ್ತದೆ, ಸದ್ದು ಪ್ಲಾಸ್ಟಿಕ್ ಚಮಚದ ಹಾಗೆ ಬರುತ್ತದೆ.

12 ಬಾರ್ ಬ್ಲೂಸ್ ಅಂತಾರಲ್ಲ, ಲೆಕ್ಕ ತಪ್ಪಿ ಹೋಗುತ್ತೆ. ಹೇಗೆ ಹಿಡಿಯೋದು?

ನಾಲ್ಕು ಅಕ್ಷರದ (ತಾಳದ ಎಣಿಕೆಯ) ಬಾರ್, ಅಂಥ 12, ಒಟ್ಟು 48 ಅಕ್ಷರ. ಆದಿ ತಾಳ ಗೊತ್ತಿದ್ದರೆ ಸರಿಯಾಗಿ ಆರು ಆವರ್ತ. ಮೊದಲ ಎರಡು ಆವರ್ತ ಜಿ. ಮೂರನೆಯದು ಸಿ. ನಾಲ್ಕನೆಯದು ಮತ್ತೆ ಜಿ. ಐದನೆಯದರಲ್ಲಿ ಅರ್ಧ ಡಿ, ಅರ್ಧ ಸಿ. ಆರನೆಯದು ಜಿ, ಮನೆಗೆ ಬಂದಿರಿ. ನಾನು ಮೊದಮೊದಲು ತೊಡೆಯ ಮೇಲೆ ತಾಳ ಹಾಕಿಯೇ ಇದನ್ನು ಕಲಿತೆ. ಪ್ಲಂಬರ್ ನನ್ನ ಬೆರಳೆಣಿಕೆ ನೋಡಿ ಮಗ್ಗಿ ಹೇಳುತ್ತಿದ್ದಾನೆ ಅಂದುಕೊಂಡಿದ್ದ.

ಹಾಡುವವರು ಒಂದು ಸಾಲು ಹೇಳುತ್ತಾರೆ, ಅದನ್ನೇ ಇನ್ನೊಮ್ಮೆ ಹೇಳುತ್ತಾರೆ, ಮೂರನೇ ಸಾಲಿನಲ್ಲಿ ಉತ್ತರ ಕೊಡುತ್ತಾರೆ. ಪ್ರತಿ ಸಾಲಿಗೆ ನಾಲ್ಕು ಬಾರ್, ಹಾಡು ಮುಗಿಯುವುದು ಸುಮಾರು ಎರಡೂವರೆಗೆ. ಉಳಿದ ಜಾಗವೇ ಮ್ಯಾಂಡೊಲಿನ್‌ನ ಜಾಗ. ನಡೆ ಮಾತ್ರ ಚತುರಶ್ರ ಅಲ್ಲ, ತಿಶ್ರದ ಹಾಗೆ ಜೋಲಾಡುತ್ತದೆ. ತಕಿಟ ತಕಿಟ ಅನ್ನುತ್ತ ನಡುವಿನ ‘ಕಿ’ ನುಂಗಿಬಿಡಿ: ತ–ಟ ತ–ಟ. ಅದೇ ಸ್ವಿಂಗ್.

## ನಾಲ್ಕು ಜನರ ಜೊತೆ ಕೂತಾಗ

ಜೊತೆಗೆ ನುಡಿಸೋಕೆ ಜನ ಎಲ್ಲಿ ಸಿಗ್ತಾರೆ?

ವಾದ್ಯ ರಿಪೇರಿ ಮಾಡುವವರನ್ನು ಕೇಳಿ. ಊರಿನಲ್ಲಿ ಯಾರ ಮನೆಯಲ್ಲಿ ಯಾವ ವಾರ ಏನು ನಡೆಯುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ನನಗೂ ಹಾಗೇ ಸಿಕ್ಕಿದ್ದು. ಜಗ್ ಬ್ಯಾಂಡ್ ಅಂತಲೇ ಹುಡುಕಬೇಡಿ, ಹಳೇ ಜಾನಪದ, ಬ್ಲೂಗ್ರಾಸ್ (ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್‌ಗಳ ವೇಗದ ಹಳ್ಳಿ ಸಂಗೀತ), ಬ್ಲೂಸ್ ಕೂಟಗಳಿಗೆ ಹೋಗಿ, ಅಲ್ಲಿ ಮೂಲೆಯಲ್ಲಿ ಕಜೂ ಇಟ್ಟುಕೊಂಡ ಒಬ್ಬರು ಇದ್ದೇ ಇರುತ್ತಾರೆ. ಲೂಯಿವಿಲ್ ನಮ್ಮೂರಿಂದ ಎರಡು ಗಂಟೆಯೊಳಗಿನ ದಾರಿ. ಅಲ್ಲಿ ಸೆಪ್ಟೆಂಬರ್‌ನಲ್ಲಿ ನ್ಯಾಷನಲ್ ಜಗ್ ಬ್ಯಾಂಡ್ ಜುಬಿಲಿ ಅನ್ನುವ ಹಬ್ಬ ನಡೆಯುತ್ತ ಬಂದಿದೆ. ವೇದಿಕೆಗಿಂತ ಪಾರ್ಕಿಂಗ್ ಜಾಗದಲ್ಲಿ ನಡೆಯುವ ನುಡಿಸಾಟದಲ್ಲಿ ನಾನು ಜಾಸ್ತಿ ಕಲಿತೆ.

ಮೊದಲ ಸಲ ಜಾಮ್‌ಗೆ ಹೋಗ್ತಿದ್ದೀನಿ, ಏನು ಮಾಡಬೇಕು, ಏನು ಮಾಡಬಾರದು?

ಜಾಮ್ ಅಂದರೆ ಮೊದಲೇ ತಯಾರಿ ಇಲ್ಲದೆ ಕೂಡಿ ನುಡಿಸುವುದು. ಸುತ್ತು ಕೂತಿರುತ್ತಾರೆ. ಮೊದಲ ದಿನ ಹಿಂದಿನ ಸಾಲಿನಲ್ಲಿ ಕೂತು, ಗಿಟಾರಿನವರ ಎಡಗೈ ನೋಡಿ. ಅದಕ್ಕೇ ಗಿಟಾರಿನ ಜಿ, ಸಿ, ಡಿ, ಎ, ಇ ಕಾರ್ಡ್‌ಗಳ ಕೈ ಆಕಾರ ಗುರುತಿಸಲು ಕಲಿತಿರಬೇಕು. ಮ್ಯಾಂಡೊಲಿನ್ ಕಲಿಯುವವರಿಗೆ ನಾನು ಕೊಡುವ ಮೊದಲ ಮನೆಪಾಠ ಇದು, ತುಂಬ ಜನ ನಗುತ್ತಾರೆ. ಹಾಡು ಶುರು ಮಾಡುವವರು ಕೀ, ಅಂದರೆ ಹಾಡಿನ ಆಧಾರ ಸ್ವರ, ಹೇಳುತ್ತಾರೆ. ಕಾಲು ಎತ್ತಿದರೆ ಇದೇ ಕೊನೆಯ ಸುತ್ತು ಅಂತ. ಕಣ್ಣು ಕೂಡಿಸಿ ತಲೆ ಮೇಲೆ ಕೆಳಗೆ ಆಡಿಸಿದರೆ ನಿಮ್ಮ ಸರದಿ, ಬೇಡ ಅನ್ನಿಸಿದರೆ ನೀವು ತಲೆ ಅಡ್ಡಡ್ಡ ಅಲ್ಲಾಡಿಸಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಎರಡು ತಿಂಗಳು ಮನೆಯಲ್ಲಿ ಒಂದು ಸೋಲೊ ಬಾಯಿಪಾಠ ಮಾಡಿಕೊಂಡು ಹೋದೆ. ಸರದಿ ಬಂತು. ಅವರು ನುಡಿಸುತ್ತಿದ್ದದ್ದು ನಾನು ಕಲಿತದ್ದಕ್ಕಿಂತ ನಿಧಾನ, ಕೀ ಬೇರೆ. ನಾನು ಮಾತ್ರ ನನ್ನ ವೇಗದಲ್ಲೇ ನನ್ನ ಕೀಯಲ್ಲೇ ಪೂರ್ತಿ ನುಡಿಸಿ ಮುಗಿಸಿದೆ. ಮದುವೆ ಮನೆಯಲ್ಲಿ ಬೇರೆ ಮದುವೆಯ ಓಲಗ ಊದಿದ ಹಾಗೆ. ಮೌನ. ಬಸ್ ಚಾಲಕರು ಮೆಲ್ಲಗೆ ಹೇಳಿದರು: ಮುಂದಿನ ಸಲ ಮೂರೇ ಸ್ವರ ನುಡಿಸು, ಆದರೆ ನಮ್ಮ ಜೊತೆ ನುಡಿಸು. ಆ ಮುಂದಿನ ಗುರುವಾರ ಹೋಗಲು ನನಗೆ ನಾಚಿಕೆ. ಹೋದೆ. ಮೂರು ಸ್ವರ ನುಡಿಸಿದೆ. ಯಾರೋ ‘ಹಾಂ’ ಅಂದರು. ಅದಕ್ಕಿಂತ ದೊಡ್ಡ ಚಪ್ಪಾಳೆ ನನಗೆ ಇವತ್ತಿಗೂ ಸಿಕ್ಕಿಲ್ಲ.

ಇನ್ನು ಮೂರು ಮಾತು. ಹಾಡುವವರು ಹಾಡುವಾಗ ಮೇಲಿನ ತಂತಿಯಲ್ಲಿ ಗೀಚಬೇಡಿ. ಇಬ್ಬರು ಮ್ಯಾಂಡೊಲಿನ್‌ನವರಿದ್ದರೆ ಒಬ್ಬರು ಸುಮ್ಮನಿರಿ. ತಿನ್ನಲು ಏನಾದರೂ ತಗೊಂಡು ಹೋಗಿ. ನಮ್ಮ ಗುಂಪಿನಲ್ಲಿ ಈಗ ಕೋಡುಬಳೆ ಇಲ್ಲದೆ ಎರಡನೇ ಸುತ್ತು ಶುರುವಾಗುವುದಿಲ್ಲ.

ಎಲ್ಲರೂ ಚಾಪ್ ಚಾಪ್ ಅಂತಾರೆ, ಅದೇನು? ಮಾಡಲೇಬೇಕಾ?

ಎರಡನೇ, ನಾಲ್ಕನೇ ಅಕ್ಷರಕ್ಕೆ ಕಾರ್ಡ್ ಹೊಡೆದು ತಕ್ಷಣ ಎಡಗೈ ಸಡಿಲ ಬಿಟ್ಟು ಸದ್ದು ಕತ್ತರಿಸುವುದು. ಸ್ನೇರ್ ಡ್ರಮ್ಮಿನ ಕೆಲಸ. ಇದು ಬ್ಲೂಗ್ರಾಸ್‌ನ ಬಿಲ್ ಮನ್ರೊ ಅವರಿಂದ ಹರಡಿದ ಅಭ್ಯಾಸ. ಬ್ಲೂಗ್ರಾಸ್‌ನಲ್ಲಿ ಡ್ರಮ್ ಇಲ್ಲ, ಹಾಗಾಗಿ ಬೇಕು. ಜಗ್ ಬ್ಯಾಂಡ್‌ನಲ್ಲಿ ಬಟ್ಟೆ ಹಲಗೆ ಉಜ್ಜುವವರು ಬೆರಳಿಗೆ ಹೊಲಿಗೆಯ ಟೊಪ್ಪಿ ಹಾಕಿಕೊಂಡು ಆ ಜಾಗ ಆಗಲೇ ತುಂಬಿರುತ್ತಾರೆ. ನೀವೂ ಚಾಪ್ ಮಾಡಿದರೆ ಎರಡು ಸುತ್ತಿಗೆ ಒಂದೇ ಮೊಳೆ. ಹಲಗೆ ಇದ್ದರೆ ನಾನು ಕಾರ್ಡ್ ತುಂಬ ಮೃದುವಾಗಿ ಜೋಲಿಸುತ್ತೇನೆ, ಇಲ್ಲದಿದ್ದರೆ ಚಾಪ್. ಬ್ಲೂಗ್ರಾಸ್ ಗೆಳೆಯರು ಇದನ್ನು ಒಪ್ಪುವುದಿಲ್ಲ.

ಜಗ್ ಊದಿದ್ರೆ ಗಾಳಿ ಮಾತ್ರ ಬರುತ್ತೆ, ತಲೆನೂ ಸುತ್ತುತ್ತೆ

ಬಾಟಲಿ ಊದುವ ಹಾಗೆ ಊದುತ್ತಿದ್ದೀರಿ. ಜಗ್ ತಾನಾಗಿ ಸ್ವರ ಕೊಡುವುದಿಲ್ಲ. ಸ್ವರ ನಿಮ್ಮ ತುಟಿಯದು, ತುತ್ತೂರಿ ಊದುವವರ ಹಾಗೆ ತುಟಿ ಬಿಗಿದು ಬುರ್ರ್ ಅನ್ನಿಸಬೇಕು, ಜಗ್ ಅದನ್ನು ದೊಡ್ಡದು ಮಾಡುತ್ತದೆ ಅಷ್ಟೆ. ಬಾಯಿಗೆ ಅಂಟಿಸಬೇಡಿ, ಒಂದಂಗುಲ ದೂರ ಇರಲಿ. ತಲೆ ಸುತ್ತಿದರೆ ಒಂದು ಹಾಡು ಬಿಡಿ. ಒಂದು, ಮೂರನೇ ಅಕ್ಷರಕ್ಕೆ ಮಾತ್ರ ಊದಿದರೆ ಉಸಿರು ಉಳಿಯುತ್ತದೆ. ಕಜೂ ಇದಕ್ಕೆ ತಿರುಗುಮುರುಗು: ಊದಿದರೆ ಏನೂ ಬರುವುದಿಲ್ಲ, ಒಳಗೆ ಹಾಡು ಗುನುಗಬೇಕು.

## ಸ್ವಲ್ಪ ಆಳಕ್ಕೆ ಇಳಿದವರಿಗೆ

ನಾನು ಎಂಟು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೀನಿ, ಇದಕ್ಕೆ ಉಪಯೋಗ ಆಗುತ್ತಾ?

ಅರ್ಧ ಉಪಯೋಗ, ಅರ್ಧ ಅಡ್ಡಿ. ಬ್ಲೂಸ್‌ನವರು ಮೈನರ್ ಪೆಂಟಟಾನಿಕ್ ಅನ್ನುವುದು ಸ ಗ₂ ಮ₁ ಪ ನಿ₂. ಅದು ಶುದ್ಧ ಧನ್ಯಾಸಿಯ ಸ್ವರಗಳೇ. ಮೇಜರ್ ಪೆಂಟಟಾನಿಕ್ ಮೋಹನದ ಸ್ವರಗಳು. ಹಾಗಾಗಿ ಸ್ವರಸ್ಥಾನ ಹುಡುಕುವ ಕಷ್ಟ ನಿಮಗಿಲ್ಲ. ಬ್ಲೂಸ್‌ನ ಜೀವ ಇರುವುದು ಗ₂ಗೂ ಗ₃ಗೂ ನಡುವೆ ಎಲ್ಲೋ ತೂಗಾಡುವ ಗಾಂಧಾರದಲ್ಲಿ. ಇಲ್ಲಿನವರಿಗೆ ಇದನ್ನು ವಿವರಿಸಲು ಅರ್ಧ ಗಂಟೆ ಬೇಕು, ಗಮಕ ಕೇಳಿ ಬೆಳೆದ ಕಿವಿಗೆ ಒಂದೇ ಸಲಕ್ಕೆ ಹತ್ತುತ್ತದೆ.

ಅಡ್ಡಿ ಎಲ್ಲಿ ಅಂದರೆ ಕಾರ್ಡ್‌ನಲ್ಲಿ. ನಮಗೆ ಷಡ್ಜ ಅಲ್ಲಾಡುವುದಿಲ್ಲ, ತಂಬೂರಿ ಹಿಂದೆ ನಿಂತಿರುತ್ತದೆ. ಇಲ್ಲಿ ಐದನೇ ಬಾರ್‌ಗೆ ನೆಲವೇ ಮಧ್ಯಮಕ್ಕೆ ಸರಿಯುತ್ತದೆ. ನೀವು ಗ₃ ಮೇಲೆ ಆರಾಮಾಗಿ ನಿಂತಿದ್ದರೆ ಆ ಕ್ಷಣಕ್ಕೆ ಅದು ಕರ್ಕಶ, ಗ₂ಗೆ ಇಳಿಯಬೇಕು, ಯಾಕೆಂದರೆ ಅದು ಹೊಸ ಕಾರ್ಡ್‌ನ ಏಳನೇ ಸ್ವರ. ಇದು ಕೈಗೆ ಬರಲು ನನಗೆ ಎರಡು ವರ್ಷ ಬೇಕಾಯಿತು. ಇನ್ನೊಂದು ಅಡ್ಡಿ, ನಾವು ಸ್ವರ ಜಾಸ್ತಿ ನುಡಿಸುತ್ತೇವೆ.

ಗಮಕವನ್ನು ಜೋಡಿ ತಂತಿ ಎಳೆದು ತರಲು ಹೋಗಬೇಡಿ. ತಂತಿ ಬಿಗಿ, ಎರಡೂ ಒಂದೇ ಅಳತೆಗೆ ಏರುವುದಿಲ್ಲ. ಜಾರು ಬಳಸಿ. ಜಿ ಕೀಯಲ್ಲಿ ಎ ತಂತಿಯ ಒಂದನೇ ಮೆಟ್ಟಿಲಿಂದ ಎರಡಕ್ಕೆ ಜಾರಿದರೆ ಅದೇ ಆ ತೂಗಾಡುವ ಗಾಂಧಾರ. ಜಾರುವಾಗ ಪಕ್ಕದ ಡಿ ತಂತಿಯನ್ನೂ ಖಾಲಿಯಾಗಿ ಮೀಟಿ.

ಟ್ರೆಮೊಲೊ ಮಾಡಿದ್ರೆ ಹೊಲಿಗೆ ಮಷಿನ್ ಥರ ಕೇಳುತ್ತೆ

ಟ್ರೆಮೊಲೊ ಅಂದರೆ ಒಂದೇ ಸ್ವರವನ್ನು ಬೇಗ ಬೇಗ ಮೀಟುತ್ತ ಉದ್ದ ಮಾಡುವುದು. ನಿಮ್ಮ ಮಣಿಕಟ್ಟು ಬಿಗಿಯಾಗಿದೆ, ಪಿಕ್ಕಿನ ತುದಿ ಆಳಕ್ಕೆ ಹೋಗುತ್ತಿದೆ. ಕೈಗೆ ನೀರು ತಾಗಿದರೆ ಕೊಡವುತ್ತೀರಲ್ಲ, ಆ ಸಡಿಲ ಬೇಕು. ತುದಿ ತಂತಿಯನ್ನು ಸವರಿದರೆ ಸಾಕು. ಬ್ಲೂಸ್‌ನಲ್ಲಿ ಇಡೀ ಹಾಡಿಗೆ ಟ್ರೆಮೊಲೊ ಸುರಿಯಬೇಡಿ, ಸಿನಿಮಾ ಹಾಡಾಗುತ್ತದೆ. ಸಾಲಿನ ಕೊನೆಯ ಉದ್ದ ಸ್ವರಕ್ಕೆ, ಅದೂ ಬಿಟ್ಟು ಬಿಟ್ಟು.

ಕೆಲವು ಹಾಡಲ್ಲಿ ಕಾರ್ಡ್ ಸುತ್ತ ತಿರುಗುತ್ತಾ ಇರುತ್ತೆ, ಇ7, ಎ7, ಡಿ7, ಜಿ ಅಂತ. ಅಷ್ಟು ಬೇಗ ಬದಲಿಸೋದು ಹೇಗೆ?

ಇದು ರ‍್ಯಾಗ್‌ಟೈಮ್‌ನಿಂದ ಬಂದ ಚಕ್ರ (ಜಾಝ್‌ಗೂ ಮುಂಚಿನ ಪಿಯಾನೊ ಸಂಗೀತ ಅದು), ಜಗ್ ಬ್ಯಾಂಡ್ ಹಾಡುಗಳಲ್ಲಿ ತುಂಬ. ಪೂರ್ತಿ ಕಾರ್ಡ್ ಹಿಡಿಯಲು ಹೋದರೆ ಬೆರಳು ಗಂಟಾಗುತ್ತದೆ. ನಡುವಿನ ಎರಡು ಜೋಡಿ ಮಾತ್ರ ಹಿಡಿಯಿರಿ. ಡಿ ತಂತಿಯ ಆರನೇ ಮೆಟ್ಟಿಲು, ಎ ತಂತಿಯ ಐದು: ಅದು ಇ7. ಎರಡನ್ನೂ ಒಂದು ಮೆಟ್ಟಿಲು ಕೆಳಗೆ ಜಾರಿಸಿ, ಎ7. ಇನ್ನೊಂದು ಕೆಳಗೆ, ಡಿ7. ಇನ್ನೊಂದು, ಜಿ7. ಬೆರಳಿನ ಆಕಾರ ಬದಲಾಗುವುದೇ ಇಲ್ಲ. ಪ್ರತಿ ಏಳರ ಕಾರ್ಡ್‌ನ ಮೂರನೇ ಸ್ವರ ಮುಂದಿನದರ ಏಳನೇ ಸ್ವರಕ್ಕೆ ಅರ್ಧ ಸ್ವರ ಇಳಿಯುತ್ತದೆ, ಏಳನೆಯದು ಮುಂದಿನದರ ಮೂರನೆಯದಕ್ಕೆ. ಮೂಲ ಸ್ವರವನ್ನು ಟಬ್ ಬೇಸ್‌ನವರೋ ಜಗ್‌ನವರೋ ಕೊಡುತ್ತಾರೆ. ಇದನ್ನು ಟೀಚರ್ ತೋರಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಂಕ್ ರೇಚಲ್ ನುಡಿಸಿದ್ದನ್ನೇ ನುಡಿಸಿದ್ರೂ ಅವರ ಹಾಗೆ ಕೇಳಲ್ಲ. ಯಾಕೆ?

ಅವರು ಶ್ರುತಿಯನ್ನು ಮಾಮೂಲಿಗಿಂತ ಕೆಳಗೆ ಇಳಿಸುತ್ತಿದ್ದರು. ತಂತಿ ಸಡಿಲ, ನಾದ ದಪ್ಪ, ಗಿಟಾರಿಗೆ ಹತ್ತಿರ. ಸಣ್ಣ ಮ್ಯಾಂಡೊಲಿನ್‌ನ ಕೀರಲು ಹೋಗುತ್ತದೆ. ನೀವೂ ಒಂದೂವರೆ ಸ್ವರ ಇಳಿಸಿ, ಸ್ವಲ್ಪ ದಪ್ಪ ತಂತಿ ಹಾಕಿ ನೋಡಿ. ಆದರೆ ಶ್ರುತಿಗಿಂತ ದೊಡ್ಡ ಕಾರಣ ಬೇರೆ. ಎಸ್ಟಿಸ್ ಹಾಡುವಾಗ ಬಾರ್ ಲೆಕ್ಕ ಇಡುತ್ತಿರಲಿಲ್ಲ, ಮಾತು ಮುಗಿದಾಗ ಸಾಲು ಮುಗಿಯಿತು, ಎರಡು ಅಕ್ಷರ ಜಾಸ್ತಿಯೋ ಕಮ್ಮಿಯೋ. ರೇಚಲ್ ಅದನ್ನು ಹಿಂಬಾಲಿಸುತ್ತಿದ್ದರು. ರೆಕಾರ್ಡ್ ಹಾಕಿ ಬಾರ್ ಎಣಿಸುತ್ತ ಕೂತರೆ ಸಿಗುವುದಿಲ್ಲ, ಹಾಡುವವರ ಉಸಿರು ಕೇಳಬೇಕು. ನಾನಿನ್ನೂ ಅಲ್ಲಿಗೆ ತಲುಪಿಲ್ಲ.

ಇದು ಕಪ್ಪು ಜನರ ಸಂಗೀತ. ನಾವು ನುಡಿಸೋದು ಸರಿನಾ?

ನಾನು ಇದನ್ನು ಬಸ್ ಚಾಲಕರಿಗೇ ಕೇಳಿದೆ. ಅವರು ಕಪ್ಪು ಜನರು, 70 ದಾಟಿದವರು. ಯಾರು ಬರೆದದ್ದು ಅಂತ ಹೇಳಿ ನುಡಿಸು ಅಂದರು. ಅಷ್ಟೇ. ಕಥೆ ಗೊತ್ತಿದ್ದರೆ ಆ ಮಾತಿನ ಭಾರ ಗೊತ್ತಾಗುತ್ತದೆ. ಗಸ್ ಕ್ಯಾನನ್ 1929ರಲ್ಲಿ ರೆಕಾರ್ಡ್ ಮಾಡಿದ ‘ವಾಕ್ ರೈಟ್ ಇನ್’ ಅನ್ನುವ ಹಾಡನ್ನು ರೂಫ್‌ಟಾಪ್ ಸಿಂಗರ್ಸ್ ಅನ್ನುವ ಬಿಳಿಯರ ತಂಡ ಮತ್ತೆ ಹಾಡಿ, 1963ರಲ್ಲಿ ಅದು ಅಮೆರಿಕದ ನಂಬರ್ ಒನ್ ಆಯಿತು. ಆ ಹೊತ್ತಿಗೆ ಕ್ಯಾನನ್ ಚಳಿಗೆ ಕಲ್ಲಿದ್ದಲು ಕೊಳ್ಳಲು ಬ್ಯಾಂಜೊ ಅಡ ಇಟ್ಟಿದ್ದರು. ಆ ಗದ್ದಲದಲ್ಲಿ ಅವರಿಗೂ ಅದೇ ವರ್ಷ ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಯಲ್ಲಿ ಒಂದು ಆಲ್ಬಮ್ ಸಿಕ್ಕಿತು ಅನ್ನುವುದು ಸಮಾಧಾನ. ಕೆಲವು ಹಳೇ ಹಾಡುಗಳಲ್ಲಿ ಕಪ್ಪು ಜನರನ್ನು ಗೇಲಿ ಮಾಡುವ ನಾಟಕಗಳಿಂದ ಬಂದ ಸಾಲುಗಳಿವೆ. ಅವನ್ನು ನಾವು ಹಾಡುವುದಿಲ್ಲ, ರಾಗ ಚೆನ್ನಾಗಿದ್ದರೆ ಬರೀ ನುಡಿಸುತ್ತೇವೆ.

ಬೆಂಗಳೂರಲ್ಲಿ ಒಂದು ಜಗ್ ಬ್ಯಾಂಡ್ ಕಟ್ಟಬಹುದಾ?

ಸಾಮಾನು ಎಲ್ಲಾ ಇದೆ. ಜಗ್‌ಗೆ ಬಾಯಿ ಚಿಕ್ಕದಾದ ಪಿಂಗಾಣಿ ಜಾಡಿ ಹುಡುಕಿ, ಪ್ಲಾಸ್ಟಿಕ್ ಕ್ಯಾನ್ ಕೂಡ ನಡೆಯುತ್ತದೆ. ಕ್ಯಾನನ್ ಅವರೂ ಸೀಮೆಎಣ್ಣೆ ಡಬ್ಬ ಊದಿದವರೇ. ಬಟ್ಟೆ ಹಲಗೆ ಬದಲು ತುರಿಮಣೆ ಪ್ರಯತ್ನಿಸಿದ್ದೇನೆ, ಬೆರಳು ಹುಷಾರು. ಘಟ ನುಡಿಸುವವರು ಒಬ್ಬರು ಸಿಕ್ಕರೆ ನಿಮ್ಮ ಅದೃಷ್ಟ, ಯಾಕೆಂದರೆ ಅವರು ಮಡಕೆಯ ಬಾಯಿಯನ್ನು ಹೊಟ್ಟೆಗೆ ಒತ್ತಿ ಬಿಟ್ಟು ಮಾಡಿ ತರುವ ಆ ‘ಗುಂ’ ಇದೆಯಲ್ಲ, ಅದು ಜಗ್‌ನ ಜೊತೆ ಬೆರೆತರೆ ಹೇಗಿರಬಹುದು ಅಂತ ನನಗೆ ಬಹಳ ಕುತೂಹಲ. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವರು ಹಲವು ಘಟಗಳನ್ನು ಬೇರೆ ಬೇರೆ ಶ್ರುತಿಗೆ ಇಟ್ಟು ಘಟ ತರಂಗ ನುಡಿಸುವುದನ್ನು ಕೇಳಿದ ಮೇಲಂತೂ.

ಹೋದ ಸಲ ಹಾಸನಕ್ಕೆ ಬಂದಾಗ ನನ್ನ ತಂಗಿಯ ಮಗ ಅಟ್ಟದಿಂದ ಅಜ್ಜಿಯ ಕಾಲದ ಜಾಡಿ ಇಳಿಸಿ ಊದಿದ. ಮೊದಲ ಊದಿಗೆ ನಲವತ್ತು ವರ್ಷದ ಧೂಳು ಅವನ ಮುಖಕ್ಕೆ ಬಂತು. ಎರಡನೆಯದಕ್ಕೆ ಸ್ವರ ಬಂತು, ಜಿ ಗೆ ಸ್ವಲ್ಪ ಕೆಳಗೆ. ನಾನು ಮ್ಯಾಂಡೊಲಿನ್ ಇಳಿಸಿಕೊಂಡೆ.